ಮೂರು ತೂತು ಎಲ್ಲಿ ಕೊರೆಯಬೇಕು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನಾಲ್ಕು ದಿನ ಯೋಚಿಸಿದೆ. ಕಥೆ ಒಂದು ಚೆಂಡಿನದು. ಚೆಂಡು ದುಂಡಗಿದೆ. ಅದಕ್ಕೆ ಹಿಂದು ಮುಂದಿಲ್ಲ, ಮೇಲು ಕೆಳಗಿಲ್ಲ. ತೂತು ಕೊರೆದ ಮೇಲಷ್ಟೇ ಅದಕ್ಕೊಂದು ಮುಖ ಬರುತ್ತದೆ. ಈ ಚೆಂಡಿಗೆ ಇನ್ನೂ ತೂತು ಕೊರೆದಿಲ್ಲ. ಹಾಗಾಗಿ ಎಲ್ಲಿಂದ ಶುರು ಮಾಡಿದರೂ ಒಂದೇ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡು ಮೊದಲ ವಾಕ್ಯ ಬರೆದೆ:

'ರಾಜಾಜಿನಗರದ ಮೇಲೆ ಸೂರ್ಯ ಕೆಂಪಗೆ ಮುಳುಗುತ್ತಿದ್ದ.'

(ಹೊಡೆದುಹಾಕಿದೆ. ಸೂರ್ಯನಿಗೂ ಈ ಕಥೆಗೂ ಸಂಬಂಧವಿಲ್ಲ. ಅವನು ಬೌಲಿಂಗ್ ಆಡುವುದಿಲ್ಲ.)

2

ಬೌಲಿಂಗ್ ಎಂದರೆ ಕ್ರಿಕೆಟ್ಟಿನದಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಅರವತ್ತು ಅಡಿ ಉದ್ದದ ಮರದ ಹಾಸು. ಅದರ ತುದಿಯಲ್ಲಿ ಬಾಟಲಿ ಆಕಾರದ ಹತ್ತು ಮರದ ಪಿನ್ನುಗಳು. ಈ ತುದಿಯಿಂದ ಭಾರದ ಚೆಂಡು ಉರುಳಿಸಿ ಅವನ್ನು ಬೀಳಿಸಬೇಕು. ಬಿದ್ದರೆ ಸಂತೋಷ. ಆಮೇಲೆ ಯಾರಾದರೂ ಹೋಗಿ ಎತ್ತಿ ನಿಲ್ಲಿಸಬೇಕು. ಮತ್ತೆ ಬೀಳಿಸಬೇಕು.

ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಕ್ಲಬ್ಬಿನಲ್ಲಿ ಇಂಥ ಎರಡು ಹಾಸುಗಳಿದ್ದವು. (ಕಾರ್ಖಾನೆ ನನ್ನ ಕಲ್ಪನೆ. ಹುಡುಕಿಕೊಂಡು ಹೋಗಬೇಡಿ, ಗೂರ್ಖಾ ಬೈಯುತ್ತಾನೆ.) ಹಿಂದೆ ಮೆಷಿನು ಕೂರಿಸಲು ಬಂದ ವಿದೇಶಿ ಎಂಜಿನಿಯರುಗಳು ಸಂಜೆ ಹೊತ್ತು ಹೋಗದೆ ಹಾಕಿಸಿಕೊಂಡವು. ಅವರು ಹೋದರು, ಹಾಸುಗಳು ಉಳಿದವು. ಪಿನ್ನು ಎತ್ತಿ ನಿಲ್ಲಿಸುವ ಕೆಲಸ ದೊಡ್ಡಹನುಮಯ್ಯನವರದು. ಅವರು ಪಿನ್ನುಗಳ ಹಿಂದಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಚೆಂಡು ಬಂದಾಗ ಎರಡೂ ಕಾಲು ಮೇಲೆತ್ತಿಕೊಳ್ಳುತ್ತಾರೆ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಂದು ಸಲವೂ ಕಾಲಿಗೆ ಪೆಟ್ಟಾಗಿಲ್ಲ.

ವರ್ಷ 1987.

2 (ಮತ್ತೆ, ಯಾಕೆಂದರೆ ಮೇಲಿನದರಲ್ಲಿ ಮನುಷ್ಯರನ್ನೇ ಮರೆತೆ)

ನಾಗರಾಜು. ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗ. ಮನೆ ಕುರುಬರಹಳ್ಳಿ. ಕಂಪನಿ ಅವನನ್ನು ಮೂರು ತಿಂಗಳ ಟ್ರೇನಿಂಗಿಗೆ ಅಮೆರಿಕಕ್ಕೆ ಕಳಿಸಿತ್ತು. ಎಲ್ಲರೂ ಅಲ್ಲಿಂದ ಟೂ-ಇನ್-ವನ್ ತಂದರೆ ಅವನು ಹದಿನಾರು ಪೌಂಡಿನ ಕಡುನೀಲಿ ಚೆಂಡು ತಂದ. ತೂತು ಕೊರೆದುಕೊಡಲು ಅಲ್ಲಿಯ ಅಂಗಡಿಯವನು ಒಂದು ವಾರ ಕೇಳಿದ, ವಿಮಾನ ಮಾರನೆಯ ದಿನವಿತ್ತು. ನಾಗರಾಜು ತನ್ನ ಕೈಯ ಅಳತೆಯನ್ನಷ್ಟೇ ತೆಗೆಸಿಕೊಂಡ. ಅಲ್ಲಿಯ ಡ್ರಾಯಿಂಗ್ ಆಫೀಸಿನ ಗೆಳೆಯನೊಬ್ಬ ಅದನ್ನು ಒಂದು ಹಾಳೆಯ ಮೇಲೆ ಶಿಸ್ತಾಗಿ ಬರೆದುಕೊಟ್ಟ. ತೂತು ಎಲ್ಲಿ, ಎಷ್ಟು ಅಗಲ, ಎಷ್ಟು ಆಳ, ಎಷ್ಟು ಓರೆ.

"ಕೊರೆಯೋರಿಗೆ ನಮ್ಮ ಕಡೆ ಬರವಾ?" ಎಂದು ನಾಗರಾಜು ಹೊರಟ.

ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಚೆಂಡನ್ನು ತಟ್ಟಿ ನೋಡಿ, ಕಿವಿ ಇಟ್ಟು ಕೇಳಿದರಂತೆ.

"ಇದ್ರೊಳಗೆ ಏನಿದೆ?"

"ಏನೂ ಇಲ್ಲ ಸಾರ್. ಭಾರ ಇದೆ."

ಮೊದಲ ಕರಡಿನಲ್ಲಿ ಅವನೇ ನಾಯಕ. ಎರಡನೆಯ ಕರಡಿಗೆ ಬರುವಷ್ಟರಲ್ಲಿ ಅವನು ಇರಲಿಲ್ಲ.

(ಹೇಗೆ ತೀರಿಕೊಂಡ ಎಂದು ಕೇಳಬೇಡಿ. ಒಂದು ಮಂಗಳವಾರ ಬೆಳಿಗ್ಗೆ, ಬೂಟಿನ ಲೇಸು ಕಟ್ಟುತ್ತಾ. ಆ ಪುಟವನ್ನು ಮೂರು ಸಲ ಬರೆದೆ. ಮೂರು ಸಲವೂ ಲೇಸಿನ ಬಗ್ಗೆಯೇ ಬರೆದಿದ್ದೆ.)

ಉಳಿದವರು ಇಬ್ಬರು. ಅವನ ಹೆಂಡತಿ ನೀಲಗಂಗಮ್ಮ, ಇಪ್ಪತ್ತೊಂಬತ್ತು ವರ್ಷ, ಎಂ.ಎ. ತಾಯಿ ಮುನಿತಾಯಮ್ಮ.

"ನೀಲಗಂಗಮ್ಮ ಅನ್ನಬೇಡ್ರೀ," ಎಂದು ನಾಯಕಿ ಇಲ್ಲೇ ತಡೆದಳು. "ಕಾಲೇಜಲ್ಲಿ ಎಲ್ರೂ ನೀಲಾ ಅಂತಿದ್ರು."

ಆಗಲಿ. ನೀಲಾ.

3

ತೂತಿಲ್ಲದ ಬೌಲಿಂಗ್ ಚೆಂಡು ಮನೆಯಲ್ಲಿ ಏನು ಮಾಡುತ್ತದೆ? ಸುಮ್ಮನೆ ಕೂರಲು ಮುನಿತಾಯಮ್ಮನವರು ಬಿಡಲಿಲ್ಲ. ನಿಂಬೆಕಾಯಿ ಉಪ್ಪಿನಕಾಯಿ ಜಾಡಿಯ ತಟ್ಟೆಯ ಮೇಲೆ ಭಾರಕ್ಕೆ ಇಟ್ಟರು. ಎಡಗೈಯಲ್ಲಿ ಎತ್ತಿ, ನಿಂಬೆಹಣ್ಣು ಇಟ್ಟ ಹಾಗೆ ಇಟ್ಟರು.

(ಎಡಗೈ ಎಂದು ಬರೆದೆ. ಆಗ ಅದಕ್ಕೇನೂ ಅರ್ಥವಿರಲಿಲ್ಲ. ಅವರು ಎಡಚಿ, ಚಿಕ್ಕಂದಿನಲ್ಲಿ ಎಡಗೈ ಮೇಲೆ ಬರೆ ಹಾಕಿಸಿಕೊಂಡು ಉಣ್ಣುವುದಕ್ಕೆ ಬಲಗೈ ಕಲಿತವರು. ಬೆಕ್ಕಿಗೆ ಪೊರಕೆ ಎಸೆಯುವುದು ಮಾತ್ರ ಈಗಲೂ ಎಡಗೈಯಲ್ಲೇ. ಗುರಿ ತಪ್ಪಿದ್ದನ್ನು ಬೆಕ್ಕು ನೋಡಿಲ್ಲ.)

ಪಕ್ಕದ ಮನೆ ರಾಮಕ್ಕ ಬಂದು ನೋಡಿದರು.

"ಇದೇನು ಮುನಿತಾಯಕ್ಕ, ಫಾರಿನ್ ರುಬ್ಬೋ ಗುಂಡಾ?"

"ಹೂಂ ಕಣೇ. ಒಳಕಲ್ಲು ಹಡಗಲ್ ಬತ್ತಾ ಐತೆ."

5

(ನಾಲ್ಕು ಬರೆದಿದ್ದೆ. ಅದರಲ್ಲಿ ನೀಲಾ ಕಿಟಕಿಯ ಬಳಿ ನಿಂತು ಅಳುತ್ತಿದ್ದಳು. "ನಾನ್ಯಾವಾಗ ಕಿಟಕಿ ಹತ್ರ ನಿಂತಿದ್ದೆ?" ಎಂದು ಕೇಳಿದಳು. ತೆಗೆದೆ.)

ಕ್ಲಬ್ಬಿನ ಕಾರ್ಯದರ್ಶಿ ಉಗ್ರಪ್ಪನವರು ಮನೆಗೆ ಬಂದರು. ಮೈಕಿಲ್ಲದಿದ್ದರೂ ಮೈಕಿನ ಮುಂದೆ ನಿಂತವರ ಹಾಗೆ ಮಾತಾಡುವವರು.

"ಮೇಡಂ, ದಸರಾ ಮುಗಿದ ಮೇಲಿನ ಭಾನುವಾರ ನಾಗರಾಜು ಸ್ಮಾರಕ ಕಪ್ ಮಾಡ್ತಾ ಇದೀವಿ. ಮೊದಲ್ನೇ ಚೆಂಡು ಅವರ ಚೆಂಡೇ ಉರುಳ್ಬೇಕು."

"ಅದಕ್ಕೆ ತೂತೇ ಇಲ್ವಲ್ಲ ಸಾರ್."

"ಕೊರೆಸಿ. ಆಗ್ಲಿಲ್ವಾ, ಹಂಗೇ ಕೊಡಿ. ಗಾಜಿನ ಶೋಕೇಸಲ್ಲಿ ಇಟ್ಬಿಡಣ. ಸುತ್ತ ಒಂದು ಸೀರಿಯಲ್ ಸೆಟ್ ಲೈಟು."

ಅಡಿಗೆಮನೆಯಿಂದ ದನಿ ಬಂತು: "ನನ್ ಮಗ ಏನು ಗಣೇಶನಾ, ಲೈಟಾಕಿ ಕೂರ್ಸಕ್ಕೆ?"

ಉಗ್ರಪ್ಪನವರು ಕಾಫಿ ಕುಡಿಯದೆ ಎದ್ದರು. ಗೇಟಿನ ಹತ್ತಿರ ಮೆಲ್ಲಗೆ, "ಭಾನುವಾರದೊಳಗೆ ತೀರ್ಮಾನ ಹೇಳಿ ಸಿಸ್ಟರ್," ಎಂದರು.

ಹೀಗಾಗಿ ಓದುಗರೇ, ದಾರಿ ಮೂರು. ಒಂದು, ಚೆಂಡನ್ನು ನಾಗರಾಜುವಿನ ಕೈಗೆ ಕೊರೆಸುವುದು. ಎರಡು, ನೀಲಾಳ ಕೈಗೆ. ಮೂರು, ಗಾಜಿನೊಳಗೆ ಮಿಣಮಿಣ. ಒಮ್ಮೆ ಕೊರೆದರೆ ಮುಗಿಯಿತು. ಅಮೆರಿಕದಲ್ಲಿ ತೂತು ಮುಚ್ಚಿ ಮತ್ತೆ ಕೊರೆಯುತ್ತಾರಂತೆ. ಕುರುಬರಹಳ್ಳಿಯಲ್ಲಿ ಮುಚ್ಚುವುದಕ್ಕೆ ಸೋರುವ ಪೈಪಿಗೆ ಮೆತ್ತುವ ಎಂ-ಸೀಲ್ ಇದೆ, ಅಷ್ಟೇ.

6

ನಿಮ್ಮ ಆಟಕ್ಕೆ ಒಪ್ಪುವ ಚೆಂಡನ್ನು ಆರಿಸುವುದು ಹೇಗೆ (ಕಥೆಯಲ್ಲಿ ಉಪಯುಕ್ತ ಮಾಹಿತಿಯೂ ಇರಲಿ ಎಂದು)

ಮೊದಲು ತೂಕ. ಚೆಂಡು ನಿಮ್ಮ ಮೈತೂಕದ ಹತ್ತನೇ ಒಂದು ಭಾಗ ಇರಬೇಕು. ನಾಗರಾಜು ತಂದಿದ್ದ ಪುಸ್ತಿಕೆಯಲ್ಲಿ ಇದನ್ನು ಓದಿದ ನೀಲಾ, ಅತ್ತೆಯ ಜೊತೆ ರಾಗಿ ಬೀಸಿಸಲು ಹೋದಾಗ ಮಿಲ್ಲಿನ ತಕ್ಕಡಿ ಹತ್ತಿದಳು. ನಲವತ್ತೆಂಟು ಕಿಲೊ. ಹದಿನಾರು ಪೌಂಡು ಎಂದರೆ ಏಳೂಕಾಲು ಕಿಲೊ. ಅವಳಿಗೆ ಹತ್ತು ಪೌಂಡಿನದು ಸಾಕು. ಮುಂದಿನ ಮೂಟೆ ಬರುವ ತನಕ ತಕ್ಕಡಿ ಖಾಲಿ ಇತ್ತೆಂದು ಮುನಿತಾಯಮ್ಮನವರೂ ಹತ್ತಿದರು. ಎಪ್ಪತ್ತೆರಡು. "ಮೋಸದ ತಕ್ಕಡಿ," ಎಂದು ಇಳಿದರು.

ಆಮೇಲೆ ಮೈ. ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು ಎಣ್ಣೆ ಹಚ್ಚಿದ ಹಾಸಿನ ಮೇಲೆ ನೇರ ಜಾರುತ್ತದೆ. ಈಚೆಗೆ ಬಂದ, ಯುರಿಥೇನ್ ಎಂಬ ರಬ್ಬರಿನಂಥ ಮೈಯದು ಹಾಸನ್ನು ಕಚ್ಚಿ ತಿರುಗುತ್ತದೆ. ನಾಗರಾಜುವಿನದು ಯುರಿಥೇನ್.

ಆಮೇಲೆ ಒಳಗು. ಚೆಂಡಿನ ಒಳಗೆ ಒಂದು ಕಡೆ ಭಾರದ ಗಡ್ಡೆ ಇರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಅದಿರುವ ಜಾಗದ ಮೇಲೆ ಒಂದು ಚುಕ್ಕೆ ಹಾಕಿರುತ್ತಾರೆ. ಚುಕ್ಕೆಯ ಪಕ್ಕದಲ್ಲೇ ಬೆರಳಿಗೆ ಕೊರೆದರೆ ಚೆಂಡು ಸಾಧುವಾಗಿ ಹೋಗುತ್ತದೆ. ಚುಕ್ಕೆಯನ್ನು ದೂರಕ್ಕೆ ಬಿಟ್ಟು ಕೊರೆದರೆ ಬಹಳ ದೂರ ನೇರ ಹೋಗಿ, ಇನ್ನೇನು ಎನ್ನುವಾಗ ತಟ್ಟನೆ ತಿರುಗುತ್ತದೆ.

(ಕಥೆ ಬರೆಯುವುದಕ್ಕೆ ಇದನ್ನು ಹೋಲಿಸಬೇಕೆಂದು ಕೈ ತುರಿಸುತ್ತಿದೆ. ನೀವೇ ಮಾಡಿಕೊಳ್ಳಿ. ನಾನು ಅಷ್ಟು ಹೊತ್ತು ಹಾಲು ಕಾಯಿಸಿ ಬರುತ್ತೇನೆ.)

7

ಹಾಲು ಉಕ್ಕಿತು. ಬಂದು ನೋಡಿದರೆ ನೀಲಾ ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ.

"ನಿನ್ನ ಕೈಗೇ ಕೊರೆಸು," ಎಂದೆ. "ಹಗುರದ್ದು ಬೇಕಿತ್ತು, ನಿಜ. ಆದರೂ ನಾಯಕಿ ನೀನು. ಈಗಿನ ಕಥೆಗಳಲ್ಲಿ ಹೆಂಗಸರು ತಮ್ಮ ಕೈಗೇ ಕೊರೆಸಿಕೊಳ್ಳುತ್ತಾರೆ."

"ನಿಮಗೆ ವಿಮರ್ಶಕರು ತಲೆ ಆಡಿಸೋ ಅಂಥ ಅಂತ್ಯ ಬೇಕು. ನಂಗೆ ಅವರ ಕೈ ಬೇಕು."

"ಕೈ ಇಲ್ಲವಲ್ಲ."

"ಅಳತೆ ಇದೆ."

ಆಮೇಲೆ ಹೇಳಿದಳು. ಮನೆಯಲ್ಲಿರುವ ಹನ್ನೊಂದು ಫೋಟೋಗಳಲ್ಲಿ ಒಂದರಲ್ಲೂ ನಾಗರಾಜುವಿನ ಕೈ ಕಾಣುವುದಿಲ್ಲ. ಇನ್‌ಸ್ಪೆಕ್ಷನ್‌ನವರಿಗೆ ತಪಾಸಣೆಗೆ ಬಂದ ಜಾಬನ್ನು ಕೈಯಿಂದ ಮುಟ್ಟಬಾರದೆಂಬ ಅಭ್ಯಾಸ. ಕ್ಯಾಮೆರಾ ಕಂಡ ಕೂಡಲೇ ಕೈ ಹಿಂದೆ ಕಟ್ಟುತ್ತಿದ್ದ. ಮದುವೆ ಫೋಟೋದಲ್ಲಿ ಹಾರ ದಪ್ಪ. ಪಾಸ್‌ಪೋರ್ಟಿನದು ಭುಜಕ್ಕೇ ಮುಗಿಯುತ್ತದೆ. ಅವನ ಬೆರಳು ಎಷ್ಟು ದಪ್ಪ, ಹೆಬ್ಬೆರಳಿನಿಂದ ನಡುಬೆರಳಿಗೆ ಎಷ್ಟು ದೂರ ಎಂಬುದು ಜಗತ್ತಿನಲ್ಲಿ ಆ ಒಂದು ಹಾಳೆಯಲ್ಲಿ ಮಾತ್ರ ಇದೆ.

"ಹಾಳೆ ಮೇಲೆ ಕೈ ಹಾಕಿದ್ರೆ ಹಾಳೆ ಸಿಗುತ್ತೆ, ಅಷ್ಟೇ. ತೂತಾದ್ರೆ ಬೆರಳಿಡಬಹುದು," ಎಂದಳು.

ನನ್ನ ಅಂತ್ಯ ಬಿದ್ದುಹೋಯಿತು. ಕುರ್ಚಿಯಾದರೂ ಬಿಡು ಎಂದೆ.

8

ಅಂಜಿನಯ್ಯನವರ ಲೇತ್ ವರ್ಕ್‌ಶಾಪು ಮನೆಯಿಂದ ಎರಡು ರಸ್ತೆ ಆಚೆ. ಆಯುಧಪೂಜೆಗೆ ಮೆಷಿನುಗಳನ್ನು ನಿಲ್ಲಿಸಿದ್ದವರು ವಿಜಯದಶಮಿಯ ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರು. ಡ್ರಿಲ್ಲಿಂಗ್ ಮೆಷಿನಿನ ಹಣೆಯ ಮೇಲೆ ಕುಂಕುಮ ಹಾಗೇ ಇತ್ತು. ನೀಲಾ ಚೆಂಡನ್ನು ತರಕಾರಿ ಚೀಲದಲ್ಲಿ ತಂದಿದ್ದಳು, ಜೊತೆಗೆ ಅತ್ತೆ.

ಅಂಜಿನಯ್ಯನವರು ಹಾಳೆ ಬಿಡಿಸಿ ನೋಡಿ ಕಣ್ಣಿಗೆ ಒತ್ತಿಕೊಂಡರು.

"ಡ್ರಾಯಿಂಗ್ ಅಂದ್ರೆ ಇದು ತಾಯಿ! ಇಂಥದ್ದು ಕೊಟ್ರೆ ಚಂದ್ರನಿಗೂ ತೂತು ಕೊರೀತೀನಿ."

ಆದರೆ ಚಂದ್ರನನ್ನು ಹಿಡಿಯುವುದು ಹೇಗೆ? ವೈಸಿನ ದವಡೆಗೆ ಹಾಕಿ ಬಿಗಿದರೆ ಚೆಂಡು ಜಾರಿತು. ಮರದ ತುಂಡು ಕೊಟ್ಟರೆ ಹೊರಳಿತು. ಒಂದು ಸಲ ಬಾಗಿಲ ತನಕ ಉರುಳಿಹೋಗಿ, ಅಂಜಿನಯ್ಯನವರು ಅದರ ಹಿಂದೆ "ಏಯ್, ಏಯ್" ಎಂದು ಮೇಕೆ ಓಡಿಸುವವರ ಹಾಗೆ ಓಡಿದರು. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಮುನಿತಾಯಮ್ಮನವರು ಎದ್ದುಹೋಗಿ, ಮನೆಯಿಂದ ಸಿಂಬೆ ತಂದರು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ.

"ಇದ್ರ ಮ್ಯಾಕೆ ಕೂರ್ಸು. ತುಂಬಿದ ಕೊಡನೇ ಅಲ್ಲಾಡಲ್ಲ, ಇದೇನು ಮಹಾ."

ಚೆಂಡು ಸಿಂಬೆಯ ಮೇಲೆ ಕೂತಿತು. ಅಲ್ಲಾಡಲಿಲ್ಲ.

ಅಂಜಿನಯ್ಯನವರು ಅಂಗುಲಗಳನ್ನು ಮಿಲಿಮೀಟರಿಗೆ ತಿರುಗಿಸಿ, ಗುರುತು ಹಾಕಿ, ಮೆಷಿನಿಗೆ ಕೈ ಮುಗಿದು ಶುರು ಮಾಡಿದರು. ನೀಲಿ ಸುರುಳಿಗಳು ಎದ್ದು ಎದ್ದು ಬಿದ್ದವು. ಎರಡು ಬೆರಳಿನ ತೂತು ಆಯಿತು. ಮೂರನೆಯದು ಹೆಬ್ಬೆರಳಿನದು.

"ಇದು ಸ್ವಲ್ಪ ಸ್ವಲ್ಪ ಕೊರ್ದು, ಬೆರಳಿಟ್ಟು ನೋಡಿ ಕೊರೀಬೇಕು ತಾಯಿ. ಎಲ್ಲಿ, ಸಾಹೇಬ್ರನ್ನ ಒಂದ್ಸಲ..."

ಎಂದವರು ನಿಲ್ಲಿಸಿದರು.

(ಇಲ್ಲಿ ಒಂದು ಒಳ್ಳೆಯ ವಾಕ್ಯ ಬರಬೇಕು. ಜಾಗ ಬಿಟ್ಟಿದ್ದೇನೆ.)

"ಹಾಳೇಲಿ ಇರೋವಷ್ಟೇ ಕೊರೀರಿ ಅಣ್ಣ," ಎಂದಳು ನೀಲಾ.

9

ಕೊರೆದರು. ಊದಿ, ಒರೆಸಿ, ಹೆಮ್ಮೆಯಿಂದ ತಮ್ಮ ಬಲಗೈ ಇಟ್ಟು ನೋಡಿದರು. ಮುಖ ಸಣ್ಣದಾಯಿತು. ತೆಗೆದರು. ಮತ್ತೆ ಇಟ್ಟರು.

"ಇದ್ಯಾಕೋ ಉಲ್ಟಾ ಹೊಡೀತೈತಲ್ಲ?"

ಹಾಳೆಯನ್ನು ಬೆಳಕಿಗೆ ಹಿಡಿದರು. ಅದರ ಮೂಲೆಯಲ್ಲಿ ಸಣ್ಣದೊಂದು ಗುರುತಿತ್ತು. ಅದನ್ನು ನೋಡಿ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟರು.

ವಿಷಯ ಇಷ್ಟೇ. ಒಂದು ವಸ್ತುವನ್ನು ಎದುರಿನಿಂದ ನೋಡಿ ಒಂದು ಚಿತ್ರ ಬರೆಯುತ್ತಾರೆ, ಪಕ್ಕದಿಂದ ನೋಡಿ ಇನ್ನೊಂದು. ಅಮೆರಿಕದವರು ಬಲಗಡೆಯಿಂದ ಕಂಡದ್ದನ್ನು ಬಲಕ್ಕೇ ಬರೆಯುತ್ತಾರೆ. ಅಂಜಿನಯ್ಯನವರು ಕಲಿತ ಐಟಿಐಯಲ್ಲಿ ಬಲಗಡೆಯಿಂದ ಕಂಡದ್ದನ್ನು ಎಡಕ್ಕೆ ಬರೆಯುತ್ತಿದ್ದರು. ಎರಡೂ ಸರಿ. ಯಾವ ಪದ್ಧತಿ ಎಂದು ಹೇಳುವುದಕ್ಕೇ ಮೂಲೆಯ ಗುರುತು. ಅವರು ಕಣ್ಣಿಗೆ ಒತ್ತಿಕೊಂಡರೇ ಹೊರತು ಮೂಲೆ ನೋಡಲಿಲ್ಲ. ನಾಗರಾಜುವಿನ ಕೈ ಕೂದಲೆಳೆಯೂ ತಪ್ಪದಂತೆ ಚೆಂಡಿನೊಳಗೆ ಇಳಿದಿತ್ತು. ಕನ್ನಡಿಯಲ್ಲಿ ಕಂಡ ಹಾಗೆ. ಬಲಗೈಯ ಚೆಂಡು ಎಡಗೈಯದಾಗಿತ್ತು.

(ನಾಗರಾಜು ಇದ್ದಿದ್ದರೆ, "ಮೊದ್ಲು ಮೂಲೆ ನೋಡು ಗುರು" ಎನ್ನುತ್ತಿದ್ದ. ಅವನ ಕೆಲಸವೇ ಅದಾಗಿತ್ತು.)

"ಮೂವತ್ತೊಂದು ವರ್ಷ ತಾಯಿ," ಎಂದರು ಅಂಜಿನಯ್ಯನವರು. "ಒಂದು ಜಾಬ್ ರಿಜೆಕ್ಟ್ ಆಗಿಲ್ಲ ನಂದು."

ನೀಲಾ ಬಾಗಿಲ ಮುಂದೆ ಹೋಗುತ್ತಿದ್ದ ಸೈಕಲ್ಲುಗಳನ್ನು ನೋಡುತ್ತಿದ್ದಳು. ನನ್ನ ಕಡೆಯೂ ಒಮ್ಮೆ ನೋಡಿದಳು. ನಾನು ಪೆನ್ನಿನ ಮುಚ್ಚಳ ಹುಡುಕುವ ಹಾಗೆ ನಟಿಸಿದೆ.

"ನನ್ ಸಿಂಬೆ ಕೊಡಪ್ಪ, ನೀರ್ ಬರೋ ಹೊತ್ತಾಯ್ತು," ಎಂದು ಮುನಿತಾಯಮ್ಮನವರು ಎದ್ದರು. ಸಿಂಬೆ ಎಳೆಯಬೇಕಾದರೆ ಚೆಂಡು ಎತ್ತಬೇಕು. ಎಡಗೈ ಇಟ್ಟರು. ಎರಡು ಬೆರಳು ಒಳಗೆ ಹೋದವು. ಹೆಬ್ಬೆರಳು ಹೋಯಿತು. ಒಳಗಿದ್ದ ಗಾಳಿ ಸಣ್ಣಗೆ ಉಸ್ಸೆಂದು ಹೊರಬಂತು.

ಮಗನಿಗೆ ಆ ಕೈ ಎಲ್ಲಿಂದ ಬಂದಿತ್ತೆಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುನಿತಾಯಮ್ಮನವರು ಚೆಂಡನ್ನು ಎತ್ತಿ ಒಮ್ಮೆ ತೂಗಿದರು.

"ಸರ್ಯಾಗೈತೆ," ಎಂದರು.

10

ಸಿಂಬೆಯನ್ನು ನೀಲಾ ತಂದಳು. ಚೆಂಡನ್ನು ಅತ್ತೆಯೇ ಹಿಡಿದುಕೊಂಡು ನಡೆದರು. ಗೇಟಿನಲ್ಲಿ ರಾಮಕ್ಕ.

"ಅಯ್ಯೋ, ಇದೇನು ಕೈಗೆ?"

"ಸಿಕ್ಕಾಕ್ಕಂಡೈತೆ ಕಣೇ. ಬರ್ತಿಲ್ಲ."

ಮಧ್ಯಾಹ್ನ ಬಲಗೈಯಲ್ಲಿ ಮುದ್ದೆ ಉಂಡರು. ಎಡಗೈ ಮಡಿಲಲ್ಲಿ, ಚೆಂಡಿನೊಳಗೆ. ಕೊಬ್ಬರಿ ಎಣ್ಣೆ ಹಾಕಿ ತೆಗೆಯಲೇ ಎಂದು ನೀಲಾ ಕೇಳಿದಳು. "ಬ್ಯಾಡ, ತಾನೇ ಬತ್ತದೆ," ಎಂದರು. ಉಂಡು, ಚಾಪೆಯ ಮೇಲೆ ಒರಗಿ, ಚೆಂಡನ್ನು ಪಕ್ಕದಲ್ಲಿಟ್ಟುಕೊಂಡೇ ನಿದ್ದೆ ಹೋದರು. ನಿದ್ದೆಯಲ್ಲಿ ಕೈ ತಾನೇ ಹೊರಬಂತು. ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ.

ನೀಲಾ ಮಂಡಿಯೂರಿ ಕೂತು ತನ್ನ ಎಡಗೈ ಬೆರಳುಗಳನ್ನು ಆ ತೂತುಗಳಲ್ಲಿ ಇಟ್ಟಳು. ಮೆಲ್ಲಗೆ ಅಲ್ಲಾಡಿಸಿ ನೋಡಿದಳು.

ಹೇಗನ್ನಿಸಿತು ಎಂದು ಕೇಳಿದೆ. (ಲೇಖಕರಿಗೆ ನಾಚಿಕೆ ಇರುವುದಿಲ್ಲ.)

"ಸುತ್ತ ಜಾಗ ಇದೆ," ಎಂದಳು.

11

ಭಾನುವಾರ. ಕ್ಲಬ್ಬು. ಬಣ್ಣದ ಕಾಗದ. ಉಗ್ರಪ್ಪನವರು ಖಾಲಿ ಶೋಕೇಸನ್ನೂ ತರಿಸಿ ಇಟ್ಟಿದ್ದರು, ಮುಂಜಾಗ್ರತೆಗೆ. ಅವರ ಭಾಷಣ ಇಲ್ಲಿದೆ: (ಇಲ್ಲ, ಇಲ್ಲಿಲ್ಲ. ಎರಡು ಪುಟ ಉಳಿಸಿದ್ದೇನೆ. ಧನ್ಯವಾದ ಆಮೇಲೆ ಹೇಳಿ.) ಮೊದಲ ಚೆಂಡು ಉರುಳಿಸಲು ನಾಗರಾಜು ಅವರ ಧರ್ಮಪತ್ನಿಯನ್ನು ಕರೆಯುತ್ತಿದ್ದೇನೆ ಎಂದರು. ಧರ್ಮಪತ್ನಿ ಅತ್ತೆಯನ್ನು ಮುಂದೆ ತಳ್ಳಿದಳು.

"ಅಮ್ಮ, ಬೂಟ್ ಹಾಕ್ಕೋಬೇಕು. ರೂಲ್ಸು," ಎಂದರು ಉಗ್ರಪ್ಪನವರು.

"ನನ್ ಕಾಲಳತೆ ಯಾವ ಹಾಳೇಲಿ ಬರ್ಸಿದ್ದೀಯಪ್ಪ?"

ಜನ ನಕ್ಕರು. ಉಗ್ರಪ್ಪನವರು ರೂಲ್ಸು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಮುನಿತಾಯಮ್ಮನವರು ಸೆರಗು ಸಿಕ್ಕಿಸಿ, ಬರಿಗಾಲಲ್ಲಿ ಗೆರೆಯ ಹತ್ತಿರ ನಿಂತರು. ಎಡಗೈ ಚೆಂಡಿನಲ್ಲಿ. ಆ ತುದಿಯಲ್ಲಿ ದೊಡ್ಡಹನುಮಯ್ಯನವರ ಮುಖ ಬಾಡಿತು. ಹದಿನೆಂಟು ವರ್ಷದಲ್ಲಿ ಒಬ್ಬ ಎಡಚನನ್ನೂ ಕಂಡವರಲ್ಲ ಅವರು. ಚೆಂಡು ಯಾವ ಕಡೆಗೆ ತಿರುಗುತ್ತದೆ, ಪಿನ್ನು ಯಾವ ಕಡೆಗೆ ಹಾರುತ್ತದೆ, ಒಂದೂ ಗೊತ್ತಿಲ್ಲ. ಎರಡೂ ಕಾಲು ಈಗಲೇ ಮೇಲಿದ್ದವು.

"ನೀಲಾ," ಎಂದರು ಅತ್ತೆ, ತಿರುಗದೆ. "ಬಿಡ್ಬೇಕಾ?"

"ಬಿಡ್ಬೇಕು ಅತ್ತೆ. ಆಟ ಅಂದ್ರೆ ಅದೇ."

"ಬಿಟ್ರೆ ವಾಪಸ್ ಬತ್ತದಾ?"

"ಬರುತ್ತೆ. ದೊಡ್ಡಹನುಮಯ್ಯನೋರು ಕಳಿಸ್ತಾರೆ."

ಬೆಕ್ಕಿಗೆ ಪೊರಕೆ ಬೀಸುವ ಹಾಗೆ ತೋಳು ಹಿಂದೆ ಹೋಯಿತು, ಮುಂದೆ ಬಂತು. ಹೆಬ್ಬೆರಳು ಹೊರಬರುವಾಗ ಟಪ್ಪೆಂದು ಸದ್ದಾಯಿತು. ಚೆಂಡು ಹೊರಟಿತು.

12 (ಅಂತ್ಯಗಳು, ಅಳತೆ ನೋಡಿ ಆರಿಸಿಕೊಳ್ಳಿ)

ಒಂದು. ಹತ್ತೂ ಪಿನ್ನು ಬಿದ್ದವು. ಎಲ್ಲರೂ ಅತ್ತರು. (ಯುರಿಥೇನ್ ಕಚ್ಚಿತು.)

ಎರಡು. ಚೆಂಡು ಹಾಸಿನ ಅಂಚಿನ ಮೋರಿಗೆ ಬಿತ್ತು. ಎಲ್ಲರೂ ಅತ್ತರು. (ಇದೂ ಯುರಿಥೇನೇ, ಕಚ್ಚಲಿಲ್ಲ.)

ಮೂರು. ಚೆಂಡು ಶೋಕೇಸಿಗೆ ನುಗ್ಗಿತು. (ಇದು ಅತ್ತೆಯ ಆಯ್ಕೆ.)

"ಇದರಲ್ಲಿ ಯಾವುದು?" ಎಂದು ನೀಲಾಳನ್ನು ಕೇಳಿದೆ. ಅವಳು ಹಾಸನ್ನೇ ನೋಡುತ್ತಿದ್ದಳು. ಕಡುನೀಲಿ ಚೆಂಡು ಎಣ್ಣೆಯ ಮೇಲೆ ನೇರವಾಗಿ ಜಾರುತ್ತಿತ್ತು, ಒಳಗಿನ ಗಡ್ಡೆ ಇನ್ನೂ ತನ್ನ ವಿಷಯ ಹೇಳಿರಲಿಲ್ಲ. ನಲವತ್ತು ಅಡಿ ದಾಟಿತು. ಈಗ ತಿರುಗಬೇಕು, ಅಂಜಿನಯ್ಯನವರ ತಪ್ಪಿನ ಕಡೆಗೆ.

"ಪಿನ್ನು ಬಿದ್ದ ಸದ್ದು ಬರೆದ್ರೆ ನೋಡಿ," ಎಂದಳು. "ಅತ್ತೆ ಕೈ ಇನ್ನೂ ಕೆಳಗಿಳಿದಿಲ್ಲ."

ನಿಜ. ಮುನಿತಾಯಮ್ಮನವರ ಎಡಗೈ ಗಾಳಿಯಲ್ಲಿ ಹಾಗೇ ಇತ್ತು. ಎರಡು ಬೆರಳು ಮಡಿಚಿ, ಹೆಬ್ಬೆರಳು ಓರೆಯಾಗಿ. ಏನನ್ನೋ ಹಿಡಿದುಕೊಂಡಿರುವ ಆಕಾರದಲ್ಲಿ.

ಹಾಗಾಗಿ ಬರೆಯುವುದಿಲ್ಲ, ಚೆಂಡು ದಾರಿಯಲ್ಲೇ ಇರಲಿ. ದೊಡ್ಡಹನುಮಯ್ಯನವರೇ, ತೊಂದರೆಯಾಗುತ್ತದೆ, ಗೊತ್ತು. ಕಾಲು ಮಾತ್ರ ಇಳಿಸಬೇಡಿ.